ಬೇಳೆ ಚೆನ್ನಾಗಿ ಬೇಯುವ ನೀರು

(ಬಾಗೇಪಲ್ಲಿ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ, ಸ್ತ್ರೀಶಕ್ತಿ ಸಂಘದವರೂ ಶಿಕ್ಷಕರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮತ್ತೆ ಮತ್ತೆ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಗಾಜಿನ ಲೋಟ ಇವೆ. ಒಂದರಲ್ಲಿ ಇದೇ ಶಾಲೆಯ ಬೋರ್ ನೀರು. ಇನ್ನೊಂದರಲ್ಲಿ ನಿಮ್ಮೂರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದು ತಂದ ಫಿಲ್ಟರ್ ನೀರು. ನನ್ನ ಕೈಯಲ್ಲಿರುವ ಈ ಸಲಕರಣೆಗೆ ನಾಲ್ಕು ಕಡ್ಡಿಗಳಿವೆ, ಎರಡು ಕಬ್ಬಿಣದ್ದು, ಎರಡು ಅಲ್ಯೂಮಿನಿಯಂದು. ಪಟ್ಟಣದಲ್ಲಿ ಮನೆ ಮಾಡಿರುವ ನಿಮ್ಮ ಮಕ್ಕಳನ್ನು ಕೇಳಿ, ಫಿಲ್ಟರ್ ಮಾರುವವರು ಇದನ್ನು ಹಿಡಿದು ಬಾಗಿಲಿಗೆ ಬಂದಿರುತ್ತಾರೆ. ಎರಡೂ ಲೋಟಕ್ಕೆ ಕಡ್ಡಿ ಇಳಿಸಿ ಸ್ವಿಚ್ ಹಾಕುತ್ತೇನೆ. ಒಂದು ನಿಮಿಷ ನೋಡುತ್ತಿರಿ.

ಕಂಡಿತೇ? ಬೋರ್ ನೀರು ಮೊದಲು ಹಸಿರಾಯಿತು, ಆಮೇಲೆ ಕಂದಾಯಿತು, ಈಗ ಚರಂಡಿ ನೀರಿನ ಹಾಗೆ ರಾಡಿ ಎದ್ದಿದೆ. ಫಿಲ್ಟರ್ ನೀರು ತಿಳಿಯಾಗಿಯೇ ಇದೆ. ಮಾರಾಟದವರು ಈ ಹೊತ್ತಿಗೆ, "ನೋಡಿದ್ರಾ ಅಮ್ಮ, ನೀವು ಮಕ್ಕಳಿಗೆ ಇಷ್ಟು ದಿನ ಕುಡಿಸ್ತಿದ್ದದ್ದು ಇದನ್ನೇ" ಅನ್ನುತ್ತಾರೆ. ಯಾವ ತಾಯಿಗೆ ಎದೆ ಝಲ್ಲೆನ್ನುವುದಿಲ್ಲ?

ಈಗ ಅವರು ಮಾಡದ ಒಂದು ಕೆಲಸ ನಾನು ಮಾಡುತ್ತೇನೆ. ಇದು ಅಡುಗೆ ಉಪ್ಪು. ಒಂದು ಚಿಟಿಕೆ ಫಿಲ್ಟರ್ ನೀರಿಗೆ ಹಾಕಿ ಕಲಕಿ, ಕಡ್ಡಿಗಳನ್ನು ಒರೆಸಿ ಮತ್ತೆ ಇಳಿಸುತ್ತೇನೆ. ನೋಡಿ, ಇದೂ ಕಂದಾಯಿತು. ಉಪ್ಪಿನಲ್ಲಿ ಕೊಳೆ ಇರಲಿಲ್ಲ. ಈ ರಾಡಿಯೆಲ್ಲ ಕಬ್ಬಿಣದ ಕಡ್ಡಿಯದೇ. ನೀರಿನಲ್ಲಿ ಲವಣ ಕರಗಿದ್ದರೆ ವಿದ್ಯುತ್ ಹರಿಯುತ್ತದೆ, ವಿದ್ಯುತ್ ಹರಿದರೆ ಕಬ್ಬಿಣ ಸವೆದು ತುಕ್ಕಾಗಿ ನೀರಿಗೆ ಬಿಡುತ್ತದೆ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಹರಿಯುವುದೇ ಕಡಿಮೆ, ಅದಕ್ಕೆ ಅದು ತಿಳಿಯಾಗಿ ಉಳಿಯುತ್ತದೆ. ಕಾಲೇಜಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ರಸಾಯನಶಾಸ್ತ್ರ ಕಲಿಸಿದವಳು ನಾನು. ವಿದ್ಯುದ್ವಿಭಜನೆಯ ಪಾಠವನ್ನು ಹೀಗೆ ಜನರನ್ನು ಹೆದರಿಸಲು ಬಳಸುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ಪೆನ್ನಿನಂಥ ಆ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರ್‌ ಮಾಡುವುದೂ ಇಷ್ಟೇ. ವಿದ್ಯುತ್ ಎಷ್ಟು ಹರಿಯಿತು ಎಂದು ನೋಡಿ ಕರಗಿದ ಲವಣ ಇಷ್ಟಿರಬಹುದು ಎಂದು ಅಂದಾಜು ಕಟ್ಟುತ್ತದೆ. ಯಾವ ಲವಣ ಎಂದು ಅದಕ್ಕೆ ಗೊತ್ತಿಲ್ಲ. ರೋಗಾಣು ಇದೆಯೋ ಇಲ್ಲವೋ ಎಂಬುದಂತೂ ಗೊತ್ತೇ ಆಗುವುದಿಲ್ಲ. ಅದನ್ನು ಎಳನೀರಿಗೆ ಅದ್ದಿ ನೋಡಿ, ಸಾವಿರ ದಾಟುತ್ತದೆ. ಬಾಣಂತಿಗೂ ಕಾಯಿಲೆಯವರಿಗೂ ನಾವು ಕೊಡುವ ಎಳನೀರು ಅದು! ಕಾಲರಾ ರೋಗಾಣು ಇರುವ ನೀರಿಗೆ ಅದ್ದಿದರೆ ನೂರೋ ನೂರಿಪ್ಪತ್ತೋ ತೋರಿಸಿ ಸುಮ್ಮನಾಗಬಹುದು.

ಹಾಗಾದರೆ ನಿಮ್ಮ ಬೋರ್ ನೀರು ಕುಡಿಯಲು ಯೋಗ್ಯವೇ? ನಾನು ಹಾಗೆ ಹೇಳಲಿಲ್ಲ. ಈ ನೀರನ್ನು ಕಂಡು ಹೆದರಲೇಬೇಕಾದ ಕಾರಣ ಒಂದಿದೆ. ಅದು ಈ ಕಡ್ಡಿಗೂ ಕಾಣುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ, ನಾಲಿಗೆಗೂ ಸಿಗುವುದಿಲ್ಲ. ಅದನ್ನು ಹೇಳಬೇಕಾದರೆ ನಮ್ಮ ದೊಡ್ಡಮ್ಮನ ವಿಷಯ ಹೇಳಬೇಕು.

ದೊಡ್ಡಮ್ಮನ ಮನೆ ಇದೇ ಸೀಮೆಯಲ್ಲಿ ಇತ್ತು. ಮೊದಲು ಸೇದುವ ಬಾವಿ, ಅದು ಬತ್ತಿದ ಮೇಲೆ ಬೋರ್. ಆ ಬೋರ್ ನೀರಿನ ಬಗ್ಗೆ ಊರಿಗೆಲ್ಲ ಹೆಮ್ಮೆ. ಸೋಪು ಚೆನ್ನಾಗಿ ನೊರೆ ಬರುತ್ತಿತ್ತು, ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತಿರಲಿಲ್ಲ. ನಾನು ರಜೆಗೆ ಹೋದಾಗಲೆಲ್ಲ ದೊಡ್ಡಮ್ಮ, "ಈ ನೀರಲ್ಲಿ ಬೇಳೆ ಎಷ್ಟು ಚೆನ್ನಾಗಿ ಬೇಯುತ್ತೆ ನೋಡೇ, ಬೆಣ್ಣೆ ಬೆಣ್ಣೆ" ಅನ್ನುತ್ತಿದ್ದಳು. ನಮ್ಮಲ್ಲಿ ಒಳ್ಳೆ ನೀರಿಗೆ ಅದೇ ಅಲ್ಲವೇ ಪರೀಕ್ಷೆ? ಐವತ್ತು ದಾಟುವ ಹೊತ್ತಿಗೆ ಅವಳ ಬೆನ್ನು ಬಾಗಿತು. ಆಮೇಲೆ ಕತ್ತು ತಿರುಗಿಸಲಾಗುತ್ತಿರಲಿಲ್ಲ, ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು. ಮಂಡಿ ಮಡಿಸಲಾಗದೆ ನೆಲದ ಮೇಲೆ ಕೂರುವುದನ್ನೇ ಬಿಟ್ಟಳು. ವಯಸ್ಸಾಯಿತು, ವಾತ ಅಂದೆವು. ರಸಾಯನಶಾಸ್ತ್ರ ಓದುತ್ತಿದ್ದ ನಾನೂ ವಾತ ಅಂದೇ ಅಂದುಕೊಂಡೆ. ಆ ನೀರನ್ನು ಒಂದು ಬಾಟಲಿ ತುಂಬಿಸಿ ಪರೀಕ್ಷೆಗೆ ಒಯ್ಯಬೇಕು ಎಂದು ನನಗೆ ಹೊಳೆದದ್ದು ಅವಳು ಹೋದ ಎಷ್ಟೋ ವರ್ಷದ ಮೇಲೆ.

ಅದರಲ್ಲಿ ಫ್ಲೋರೈಡ್ ಇತ್ತು. ಅದು ಹೆಚ್ಚಾದರೆ ವರ್ಷಗಟ್ಟಲೆ ಮೂಳೆಯಲ್ಲಿ ಸೇರಿ ಬೆನ್ನು, ಕೀಲುಗಳನ್ನು ಬಿಗಿ ಮಾಡುತ್ತದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಐಎಸ್ 10500, ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸಾಕು ಅನ್ನುತ್ತದೆ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತದೆ. ದೊಡ್ಡಮ್ಮನ ಊರಿನ ನೀರು ಅದನ್ನು ಎಂದೋ ದಾಟಿತ್ತು.

ಬೇಳೆಗೂ ಬೆನ್ನಿಗೂ ಏನು ಸಂಬಂಧ ಎಂದು ಈಗ ಕೇಳಿ. ನಮ್ಮ ಕಾಲ ಕೆಳಗೆ ಇರುವುದು ಗ್ರಾನೈಟು, ನೈಸ್ ಎಂಬ ಗಟ್ಟಿ ಕಲ್ಲು. ಅದರೊಳಗೆ ಫ್ಲೋರೈಡ್ ಇರುವ ಖನಿಜಗಳು ಹುದುಗಿವೆ. ನೀರು ಕಲ್ಲಿನ ಬಿರುಕಿನಲ್ಲಿ ನಿಂತು ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಮೆಂತ್ಯ ನೆನೆಹಾಕಿದ ಹಾಗೆ, ಒಂದು ಗಂಟೆ ನೆನೆದ ನೀರಿಗೂ ರಾತ್ರಿಯೆಲ್ಲ ನೆನೆದ ನೀರಿಗೂ ಕಹಿಯಲ್ಲಿ ವ್ಯತ್ಯಾಸ ಇರುವುದಿಲ್ಲವೇ? ಬಾವಿಯ ನೀರು ಹೋದ ವರ್ಷದ ಮಳೆಯದು. ಸಾವಿರ ಅಡಿ, ಸಾವಿರದೈನೂರು ಅಡಿ ಕೊರೆದು ತೆಗೆಯುವ ನೀರು ಕಲ್ಲಿನ ಜೊತೆ ತಲೆಮಾರುಗಳ ಕಾಲ ಕೂತು ಬಂದದ್ದು. ಇನ್ನು ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆ ಇರುವ, ಸೋಡಾ ಗುಣದ ಮೆತ್ತನೆ ನೀರಿನಲ್ಲಿ ಫ್ಲೋರೈಡ್ ತಡೆಯಿಲ್ಲದೆ ಕರಗುತ್ತದೆ. ಬೇಳೆ ಬೆಣ್ಣೆಯಂತೆ ಬೇಯುವುದು ಇದೇ ಮೆತ್ತನೆ ನೀರಿನಲ್ಲಿ. ಮೆತ್ತನೆ ನೀರೆಲ್ಲ ಕೆಟ್ಟದ್ದು ಎಂದು ತಿಳಿಯಬೇಡಿ, ಮಳೆನೀರೂ ಮೆತ್ತನೆಯದೇ. ಆದರೆ ನಮ್ಮ ಸೀಮೆಯ ಆಳದ ಬೋರಿನ ಮಟ್ಟಿಗೆ, ನಾವು ತಲೆತಲಾಂತರದಿಂದ ನಂಬಿದ ಪರೀಕ್ಷೆಯೇ ನಮಗೆ ಮೋಸ ಮಾಡಿತು.

ಬಾಗೇಪಲ್ಲಿ, ಪಾವಗಡ, ಶಿರಾ, ಅತ್ತ ಮುಂಡರಗಿ, ಇವೆಲ್ಲ ಈ ನೋವನ್ನು ಬಲ್ಲ ಊರುಗಳು. ಇಲ್ಲಿ ಕೂತಿರುವ ಶಿಕ್ಷಕರನ್ನು ಕೇಳಿದರೆ, ಮಕ್ಕಳು ನಕ್ಕಾಗ ಹಲ್ಲಿನ ಮೇಲೆ ಕಾಣುವ ಕಂದು ಗೆರೆಗಳ ಬಗ್ಗೆ ಅವರೇ ಹೇಳುತ್ತಾರೆ. ಆ ಗೆರೆ ಹಲ್ಲು ಉಜ್ಜದಿದ್ದರಿಂದ ಬಂದದ್ದಲ್ಲ. ದಯವಿಟ್ಟು ಆ ಕಾರಣಕ್ಕೆ ಮಕ್ಕಳನ್ನು ಬೈಯಬೇಡಿ. ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗಲೇ ಫ್ಲೋರೈಡ್ ಅದರ ಮೇಲೆ ತನ್ನ ಗುರುತು ಬಿಟ್ಟಿರುತ್ತದೆ.

ನೀರಿನಿಂದ ಬರುವ ಅಪಾಯ ಎರಡು ಬಗೆ. ಒಂದು, ಇವತ್ತು ಕುಡಿದರೆ ನಾಳೆ ಮಲಗಿಸುವಂಥದ್ದು: ಬ್ಯಾಕ್ಟೀರಿಯಾ, ವೈರಸ್. ಇನ್ನೊಂದು, ಇವತ್ತು ಕುಡಿದರೆ ಹತ್ತಿಪ್ಪತ್ತು ವರ್ಷದ ಮೇಲೆ ತೋರುವಂಥದ್ದು: ಫ್ಲೋರೈಡ್, ಯಾದಗಿರಿ ರಾಯಚೂರು ಕಡೆಯ ಕೆಲವು ಹಳ್ಳಿಗಳಲ್ಲಿ ಆರ್ಸೆನಿಕ್, ನಮ್ಮ ಭಾಗದ ಹಲವು ಬೋರುಗಳಲ್ಲಿ ಯುರೇನಿಯಂ ಕೂಡ. ಮೊದಲನೆಯದಕ್ಕೆ ಮಾಡುವ ಮದ್ದು ಎರಡನೆಯದಕ್ಕೆ ತಾಕುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಮನೆಯವರ ಒಳ್ಳೆಯದಕ್ಕೆಂದೇ ದಿನವೂ ಸೌದೆ ಉರಿಸಿ, ಹಂಡೆಗಟ್ಟಲೆ ಬೋರ್ ನೀರು ಕಾಯಿಸಿ ಕುಡಿಸಿದ ತಾಯಂದಿರು ನಮ್ಮಲ್ಲಿದ್ದಾರೆ. ಅವರ ಶ್ರಮ ದೊಡ್ಡದು. ಆದರೆ ಯಾವ ನೀರಿಗೆ ಯಾವ ಮದ್ದು ಎಂದು ಅವರಿಗೆ ಯಾರೂ ತಿಳಿಸಲಿಲ್ಲ.

ರೋಗಾಣುವಿನ ಅಪಾಯವನ್ನು ಹಗುರವಾಗಿ ನೋಡಬೇಡಿ ಎಂದೂ ಹೇಳಬೇಕು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದ ನೂರಕ್ಕೂ ಹೆಚ್ಚು ಜನ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು. ಪೈಪಿನ ನೀರು ಹೇಗೆ ಕೆಡುತ್ತದೆ ಎಂದು ತಿಳಿದಿರಲಿ. ನಮ್ಮಲ್ಲಿ ನೀರು ದಿನಕ್ಕೊಮ್ಮೆಯೋ ಮೂರು ದಿನಕ್ಕೊಮ್ಮೆಯೋ ಬರುತ್ತದೆ. ಬರುವಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಸೋರಿಕೆ ಇದ್ದರೆ ನೀರು ಹೊರಗೆ ಚಿಮ್ಮುತ್ತದೆ. ನಿಂತ ಮೇಲೆ ಒತ್ತಡ ಇಳಿದು, ಅದೇ ತೂತಿನಿಂದ ಹೊರಗಿನದು ಒಳಗೆ ಜಗ್ಗುತ್ತದೆ. ಪಕ್ಕದಲ್ಲೇ ಚರಂಡಿ ಇದ್ದರೆ ಒಳಗೆ ಹೋಗುವುದು ಚರಂಡಿ ನೀರೇ. ಅದಕ್ಕೇ ನೀರು ಬಿಟ್ಟ ಕೂಡಲೇ ಬರುವ ಮೊದಲ ಎರಡು ಬಕೆಟ್ ಬಚ್ಚಲಿಗೆ ಇರಲಿ, ಆಮೇಲೆ ಕುಡಿಯುವ ಕೊಡ ಹಿಡಿಯಿರಿ. ನೀರು ಬಾರದ ಹೊತ್ತಿನಲ್ಲಿ ನಲ್ಲಿಗೆ ಮೋಟರ್ ಹಚ್ಚಿ ಎಳೆದರೆ ಬೀದಿಯ ಕೊಳಕನ್ನು ನಾವೇ ಮನೆಗೆ ಎಳೆದುಕೊಂಡ ಹಾಗೆ.

ಇದಕ್ಕೆ ಕಾವಲು ಕ್ಲೋರಿನ್. ವಾಸನೆ ಅಂತ ಜನ ಬೈಯುತ್ತಾರೆ, ಬೈಸಿಕೊಳ್ಳಲಾಗದೆ ನೀರುಗಂಟಿಗಳು ಹಾಕುವುದನ್ನೇ ನಿಲ್ಲಿಸುತ್ತಾರೆ. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ನಿಯಮ. ದಾರಿಯಲ್ಲಿ ಕೊಳೆ ಸೇರಿದರೆ ಎದುರಿಸಲು ಅಷ್ಟಾದರೂ ಬೇಕು. ಒಳ್ಳೆಯ ಬ್ಲೀಚಿಂಗ್ ಪೌಡರ್ ಆದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ, ಹಾಕಿ ಅರ್ಧ ಗಂಟೆ ಬಿಡಬೇಕು. ಒಳ್ಳೆಯ ಪೌಡರ್ ಎಂದು ಒತ್ತಿ ಹೇಳುತ್ತೇನೆ. ಪಂಚಾಯಿತಿ ಮೂಲೆಯಲ್ಲಿ ಬಾಯಿ ತೆರೆದು ತೇವ ಹಿಡಿದ ಮೂಟೆಯಲ್ಲಿ ಉಳಿದಿರುವುದು ಬರೀ ಸುಣ್ಣ. ನಿಮ್ಮ ನೀರುಗಂಟಿಗೆ ಕ್ಲೋರಿನ್ ಅಳೆಯುವ ಹನಿ ಔಷಧಿಯ ಡಬ್ಬಿ ಕೊಡಿಸಿ. ನೀರಿಗೆ ಹನಿ ಬಿಟ್ಟಾಗ ಹಳದಿ ಬಂದರೆ ಕ್ಲೋರಿನ್ ಇದೆ ಎಂದು ತಿಳಿಯುತ್ತದೆ. ಅವನ ಕೆಲಸ ಈ ಊರಿನ ಡಾಕ್ಟರ ಕೆಲಸಕ್ಕಿಂತ ಕಡಿಮೆಯದಲ್ಲ.

ಈಗ ಯಂತ್ರದ ವಿಷಯ. ನಿಮ್ಮೂರಿನ ನೀರಿನಲ್ಲಿ ಫ್ಲೋರೈಡ್ ಇದೆಯಾದ್ದರಿಂದ ನಿಮಗೆ ಆರ್‌ಒ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆರ್‌ಒ ಎಂದರೆ ನೀರನ್ನು ಒತ್ತಡ ಹಾಕಿ ಪೊರೆಯ ಮೂಲಕ ಹಾಯಿಸಿ ಲವಣ ತೆಗೆಯುವ ಯಂತ್ರ, ನಿಮ್ಮೂರಿನ ಘಟಕದಲ್ಲಿರುವುದೂ ಅದೇ. ಆ ಪೊರೆ ಫ್ಲೋರೈಡಿನ ಬಹುಪಾಲನ್ನು ತಡೆಯುತ್ತದೆ. ಅದಕ್ಕೂ ಮುಂಚೆ ಬೇರೆ ದಾರಿಗಳೂ ಬಂದಿದ್ದವು. ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ) ಸಂಸ್ಥೆಯವರು ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿ ಕಲಕಿ ಫ್ಲೋರೈಡನ್ನು ಕೆಸರಾಗಿ ಇಳಿಸುತ್ತಿದ್ದರು. ದಿನವೂ ಅಳತೆ ತಪ್ಪದೆ ಮಾಡಬೇಕು, ಕೆಸರು ಬಳಿಯಬೇಕು. ಮನೆಗೆಲಸದ ನಡುವೆ ಅದು ನಿಲ್ಲಲಿಲ್ಲ.

ಆದರೆ ಬೆಂಗಳೂರಿನಲ್ಲಿರುವ ನಿಮ್ಮ ಮಗಳ ಮನೆಗೆ ಕಾವೇರಿ ನೀರು ಬರುತ್ತಿದ್ದರೆ ಅವಳಿಗೆ ಆರ್‌ಒ ಬೇಡ. ಟಿಡಿಎಸ್‌ಗೆ ಮಾನದಂಡ ಬಯಸುವ ಮಿತಿ ಲೀಟರಿಗೆ 500 ಮಿಲಿಗ್ರಾಂ, ಕಾವೇರಿ ನೀರು ಅದಕ್ಕಿಂತ ಬಹಳ ಕೆಳಗಿದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆ ನಿಷೇಧಿಸಿ ಎಂದು ಪರಿಸರ ಸಚಿವಾಲಯಕ್ಕೆ ಹೇಳಿತು. ಮನೆಯ ಯಂತ್ರ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ನದಿಯ ನೀರನ್ನು ನೂರಾರು ಅಡಿ ಮೇಲೆತ್ತಿ ತಂದು ಹೀಗೆ ಮೋರಿಗೆ ಬಿಡುವುದನ್ನು ಕಂಡರೆ, ಒಂದು ಕೊಡಕ್ಕಾಗಿ ಸರತಿ ನಿಲ್ಲುವ ಈ ಸೀಮೆಯವಳಾಗಿ ನನಗೆ ಸಂಕಟವಾಗುತ್ತದೆ. ಅವಳಿಗೆ ಸಂಪು, ಟ್ಯಾಂಕು ತೊಳೆಸಿಟ್ಟು ನೀರು ಕುದಿಸಿದರೆ ಸಾಕು, ಇಲ್ಲವೇ ರೋಗಾಣು ಕೊಲ್ಲುವ ಯುವಿ (ಅತಿನೇರಳೆ) ದೀಪದ ಯಂತ್ರ ಸಾಕು. ಯುವಿ ಕೆಲಸ ಮಾಡಬೇಕಾದರೆ ನೀರು ತಿಳಿಯಾಗಿರಬೇಕು, ಬಗ್ಗಡದೊಳಗೆ ಬೆಳಕು ಹೊಕ್ಕುವುದಿಲ್ಲ. ಅವಳ ಅಪಾರ್ಟ್‌ಮೆಂಟಿಗೆ ಬರುವುದು ಟ್ಯಾಂಕರಿನ ಬೋರ್ ನೀರಾದರೆ ಮಾತು ಬೇರೆ, ಆಗ ಪರೀಕ್ಷೆ ಮಾಡಿಸಿ ತೀರ್ಮಾನಿಸಲಿ.

ನಿಮಗೆ ಆರ್‌ಒ ಬೇಕು ಅಂದೆ. ಅದರ ಜೊತೆ ನಾನು ಇಲ್ಲಿಗೆ ಬಂದದ್ದೇ ಯಾವ ಮಾತಿಗಾಗಿಯೋ ಅದನ್ನೂ ಹೇಳುತ್ತೇನೆ. ಕ್ಯಾನ್ ತಂದು ನೀವು ಅದನ್ನು ಕುಡಿಯುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೀರಿ. ಅನ್ನಕ್ಕೆ, ಸಾರಿಗೆ, ಮುದ್ದೆಯ ಎಸರಿಗೆ ಬೋರ್ ನೀರೇ. ಬೆಳಿಗ್ಗೆ ನಾಲ್ಕು ಮನೆಯಲ್ಲಿ ಕೇಳಿದೆ, ನಾಲ್ಕರಲ್ಲೂ ಹೀಗೇ. ಮುದ್ದೆ ಎಸರನ್ನೆಲ್ಲ ಹೀರಿಕೊಳ್ಳುತ್ತದೆ, ಬೇಳೆ ಕುದಿದು ಕುದಿದು ಗಟ್ಟಿಯಾಗುತ್ತದೆ, ಎಸರಿನ ಫ್ಲೋರೈಡ್ ಎಲ್ಲಾ ತಟ್ಟೆಗೇ ಬರುತ್ತದೆ. ಲೋಟದಿಂದ ತಡೆದದ್ದನ್ನು ತಟ್ಟೆಯಿಂದ ಉಣ್ಣುತ್ತಿದ್ದೇವೆ. ಕುಡಿಯಲೂ ಅಡುಗೆಗೂ ಸೇರಿ ಐದು ಜನರ ಮನೆಗೆ ದಿನಕ್ಕೆ ಮೂವತ್ತು ಲೀಟರ್ ಆದರೂ ಬೇಕು. ಒಂದು ಕ್ಯಾನಿಗೆ ಹಿಡಿಯುವುದು ಇಪ್ಪತ್ತು. ಆ ಇನ್ನೊಂದು ಅರ್ಧ ಕ್ಯಾನ್ ತನ್ನಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ. ಮಧ್ಯಾಹ್ನದ ಬಿಸಿಯೂಟಕ್ಕೂ ಅಂಗನವಾಡಿಗೂ ಇದೇ ನೀರು ಬೇಕು, ಅದನ್ನು ಪಂಚಾಯಿತಿಯವರು ಕೊಡಿಸಬೇಕು.

ಮಳೆ ನೀರೂ ಇದೆ. ಒಂದು ಚದರ ಮೀಟರ್ ಛಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮೂವತ್ತು ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಮೂರು ಚದರದ ಚಿಕ್ಕ ಮನೆ. ವರ್ಷಕ್ಕೆ ಬರೀ 600 ಮಿಲಿಮೀಟರ್ ಮಳೆ ಎಂದು ಹಿಡಿದರೂ 18,000 ಲೀಟರ್. ಐದರಲ್ಲಿ ಒಂದು ಪಾಲು ಚೆಲ್ಲಿ ಹೋದರೂ 14,400 ಉಳಿಯುತ್ತದೆ. ದಿನಕ್ಕೆ ಮೂವತ್ತರಂತೆ ಒಂದು ವರ್ಷ ದಾಟಿ ಬರುತ್ತದೆ! ಅದರಲ್ಲಿ ಕಲ್ಲಿನ ಫ್ಲೋರೈಡ್ ಇಲ್ಲ. ಈ ತಾಲ್ಲೂಕುಗಳಲ್ಲೇ 'ಸಚೇತನ' ಯೋಜನೆಯಲ್ಲಿ ಇದಕ್ಕೆಂದೇ ಮನೆ ಪಕ್ಕ ತೊಟ್ಟಿ ಕಟ್ಟಿಸಿದ್ದರು. ಅಂಥ ತೊಟ್ಟಿ ಇರುವವರು ಅದರಲ್ಲಿ ಸೌದೆ ತುಂಬಬೇಡಿ, ತೊಳೆದು ಮತ್ತೆ ನೀರು ತುಂಬಿಸಿ. ಮೊದಲ ಮಳೆ ಹರಿದುಹೋಗಲಿ, ಜಲ್ಲಿ ಮರಳಿನ ಸೋಸುಗುಂಡಿ ಇರಲಿ. ಹಕ್ಕಿಯ ಹಿಕ್ಕೆ ಬಿದ್ದಿರಬಹುದು, ಆದ್ದರಿಂದ ಕುದಿಸಿ ಕುಡಿಯಿರಿ. ಕುದಿಸುವ ಶ್ರಮಕ್ಕೆ ತಕ್ಕ ಫಲ ಈ ನೀರಿನಲ್ಲಿದೆ.

ಪ್ರಶ್ನೆಗಳು ಬಂದವು.

"ಮೇಡಂ, ತಾಮ್ರದ ಬಿಂದಿಗೇಲಿ ಇಟ್ರೆ ನೀರು ಶುದ್ಧ ಆಗುತ್ತೆ ಅಂತಾರಲ್ಲ?" ಎಂದು ಹಿಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿದರು. ನಿಜ ಅಜ್ಜಿ. ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರೆ ಭೇದಿ ತರುವ ಬ್ಯಾಕ್ಟೀರಿಯಾ ಸಾಯುತ್ತವೆ ಎಂದು ಬೆಂಗಳೂರಿನ ಸಂಶೋಧಕರೇ 2012ರಲ್ಲಿ ತೋರಿಸಿದ್ದಾರೆ. ಹುಣಸೆಹಣ್ಣಿನಲ್ಲಿ ಬೆಳಗಿಟ್ಟುಕೊಳ್ಳಿ. ಫ್ಲೋರೈಡಿಗೆ ಮಾತ್ರ ಅದು ಆಗದು. ಇನ್ನೂ ಒಂದು, ಬಿಂದಿಗೆಗೆ ಲೋಟ ಅದ್ದುವಾಗ ಬೆರಳು ಮುಳುಗಿದರೆ ಶುದ್ಧ ಮಾಡಿದ್ದೆಲ್ಲ ವ್ಯರ್ಥ. ನಲ್ಲಿ ಇರುವ ಪಾತ್ರೆ ಇಡಿ, ಇಲ್ಲವೇ ಉದ್ದ ಹಿಡಿಯ ಸೌಟು.

ಕೈಗೂಸು ಎತ್ತಿಕೊಂಡಿದ್ದ ತಾಯಿಯೊಬ್ಬರು ಮಗುವಿಗೆ ಯಾವ ನೀರು ಎಂದು ಕೇಳಿದರು. ಆರು ತಿಂಗಳು ಎದೆಹಾಲು ಮಾತ್ರ ಸಾಕಮ್ಮ, ನೀರು ಬೇಡ. ನೀನು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಇದ್ದರೂ ಎದೆಹಾಲಿಗೆ ಬರುವುದು ತೀರಾ ಸ್ವಲ್ಪ. ಮಗುವಿಗೆ ರಾಗಿ ಸರಿ ಶುರು ಮಾಡಿದ ದಿನದಿಂದ ಬೋರ್ ನೀರು ತಾಗಿಸಬೇಡ. ನೀನೂ ನುಗ್ಗೆ ಸೊಪ್ಪು, ಹಾಲು, ನೆಲ್ಲಿಕಾಯಿ ತಿನ್ನು. ಕ್ಯಾಲ್ಸಿಯಂ, ಸಿ ಜೀವಸತ್ವ ಇರುವ ಮೈಗೆ ಫ್ಲೋರೈಡಿನ ಪೆಟ್ಟು ಕಡಿಮೆ.

ಯುವಕನೊಬ್ಬ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿರುವುದರ ಬಗ್ಗೆ ಕೇಳಿದ. 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ನೀರು ಕೋಲಾರಕ್ಕೆ ಬಂತು, ಆಮೇಲೆ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ನೀರು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ. ಬತ್ತಿದ ಬಾವಿಗಳಿಗೆ ನೀರು ಬಂದದ್ದು ಸುಳ್ಳಲ್ಲ. ಆದರೆ ಎರಡು ಹಂತದ ಸಂಸ್ಕರಣೆಯಲ್ಲಿ ಕರಗಿದ್ದೆಲ್ಲ ಹೋಗುವುದಿಲ್ಲ. ಮೂರನೆಯ ಹಂತ ಬೇಕು ಎಂದು ರೈತರು ಕೇಳುತ್ತಿರುವುದು ನ್ಯಾಯ ಎಂದೇ ನನ್ನ ಅಭಿಪ್ರಾಯ. ಆ ಕೆರೆಗಳ ಸುತ್ತಲಿನ ಬಾವಿ, ಬೋರುಗಳಲ್ಲಿ ನೈಟ್ರೇಟ್, ಭಾರ ಲೋಹ, ರೋಗಾಣು ಮೂರನ್ನೂ ಮತ್ತೆ ಮತ್ತೆ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿಯ ಫಲಕದ ಮೇಲೆ ಹಾಕಬೇಕು. ನೀವು ಯುವಕರು ಅರ್ಜಿ ಬರೆದು ಕೇಳಿ.

ಘಟಕ ನೋಡಿಕೊಳ್ಳುವಾತ ಕೊನೆಯಲ್ಲಿ ಎದ್ದು, ಹೊರಗೆ ಬಿಡುವ ನೀರನ್ನು ಏನು ಮಾಡಲಿ ಎಂದ. ಸಭೆಯಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಪ್ರಶ್ನೆ ಅದು. ಆ ನೀರಿನಲ್ಲಿ ಫ್ಲೋರೈಡೂ ಉಪ್ಪೂ ಬೋರಿಗಿಂತ ಹೆಚ್ಚು. ಅದನ್ನು ದನದ ತೊಟ್ಟಿಗೆ ಬಿಡಬೇಡಪ್ಪ, ದನಗಳಿಗೂ ಮೂಳೆ ಇದೆ. ಬೋರಿನ ಪಕ್ಕದ ಗುಂಡಿಗೂ ಇಂಗಿಸಬೇಡ. ಒಂದು ಟ್ಯಾಂಕಿಗೆ ಹಿಡಿದರೆ ಶೌಚಾಲಯಕ್ಕೆ, ನೆಲ ತೊಳೆಯಲು ಆಗುತ್ತದೆ. ಮತ್ತೆ, ಪೊರೆ ಬದಲಿಸಿದ ತಾರೀಖನ್ನು ಬಾಗಿಲ ಮೇಲೆ ದೊಡ್ಡದಾಗಿ ಬರೆ. ಪೊರೆ ಹರಿದರೂ ನಾಣ್ಯ ಹಾಕಿದಾಗ ನೀರು ಬಂದೇ ಬರುತ್ತದೆ, ಕುಡಿಯುವವರಿಗೆ ಗೊತ್ತಾಗುವುದಿಲ್ಲ.

ಹೊರಡುವ ಮುಂಚೆ ಒಂದು ಕೆಲಸ ಇದೆ. ಬಾಗಿಲ ಬಳಿ ತೊಳೆದ ಲೀಟರ್ ಬಾಟಲಿಗಳಿವೆ. ಓಣಿಗೆ ಒಂದರಂತೆ ತೆಗೆದುಕೊಂಡು ಹೋಗಿ. ನಾಳೆ ಬೆಳಿಗ್ಗೆ ಬೋರ್ ಐದು ನಿಮಿಷ ಓಡಿದ ಮೇಲೆ, ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ಗಲಬರಿಸಿ, ತುಂಬ ತುಂಬಿಸಿ ಮುಚ್ಚಳ ಹಾಕಿ. ಮೇಲೆ ಓಣಿಯ ಹೆಸರು, ತಾರೀಖು, ಬೋರಿನ ಆಳ ಬರೆಯಿರಿ. ಘಟಕದ ನೀರಿನದೂ ಒಂದು ಬಾಟಲಿ ಬೇಕು. ರೋಗಾಣು ಪರೀಕ್ಷೆಗೆ ಈ ಬಾಟಲಿ ಆಗದು, ಪ್ರಯೋಗಾಲಯದವರು ಕೊಡುವ ಶುದ್ಧೀಕರಿಸಿದ ಬಾಟಲಿಯಲ್ಲೇ ಹಿಡಿದು ಅದೇ ದಿನ ಮುಟ್ಟಿಸಬೇಕು. ಅದನ್ನು ಆಶಾ ಕಾರ್ಯಕರ್ತೆಯರ ಜೊತೆ ನಾನು ಮಾಡುತ್ತೇನೆ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ. ನಿಮ್ಮ ಬಾಟಲಿಗಳನ್ನು ಹತ್ತು ಗಂಟೆಯೊಳಗೆ ಶಾಲೆಗೆ ತಂದುಕೊಡಿ. ಫ್ಲೋರೈಡ್ ಪರೀಕ್ಷೆಯನ್ನು ಇಲ್ಲೇ ಮಕ್ಕಳ ಎದುರಿಗೆ ಮಾಡುತ್ತೇನೆ. ಗುಲಾಬಿ ಬಣ್ಣ ಹಳದಿಯತ್ತ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು ಎಂದು ಅವರೇ ನೋಡಿ ಬರೆದುಕೊಳ್ಳಲಿ. ಆಮೇಲೆ ಅವೇ ಬಾಟಲಿಗಳನ್ನು ಕುಡಿಯುವ ನೀರಿನ ಇಲಾಖೆಯ ತಾಲ್ಲೂಕು ಪ್ರಯೋಗಾಲಯಕ್ಕೆ ನಾನೇ ಒಯ್ಯುತ್ತೇನೆ.